ಓದುಗರ ಪ್ರಶ್ನೆ: ಗ್ರೂಪಿನಲ್ಲಿ ಬೆಂಕಿ ಮಾತು, ಅಡ್ಮಿನ್ ಏನು ಮಾಡಬೇಕು?

ಪ್ರಶ್ನೆ: ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರ ವಾಟ್ಸಾಪ್ ಗ್ರೂಪಿಗೆ ನಾನು ಅಡ್ಮಿನ್. ನೀರು ಬಾರದ ಸಿಟ್ಟಿಗೆ ಒಬ್ಬರು ‘ಆಫೀಸಿಗೆ ಬೆಂಕಿ ಹಚ್ಚೋಣ ಬರ್ರಿ’ ಎಂದು ಹಾಕಿದ್ದಾರೆ. ಅಳಿಸಿಬಿಡಲೇ? ಕೇಸು ನನ್ನ ಮೇಲೂ ಬರುತ್ತದೆಯೇ?
– ರೈತ, ಸಿರವಾರ

ಉತ್ತರ: ಅಳಿಸಿ. ಆದರೆ ಅದಕ್ಕೂ ಮುಂಚೆ ಹಾಕಿದವರ ನಂಬರ್, ದಿನಾಂಕ, ಸಮಯ ಮೂರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಹಿಂದುಮುಂದಿನ ಮಾತು ಸಿಗಲೆಂದು ಚಾಟ್ ಎಕ್ಸ್‌ಪೋರ್ಟ್ ಮಾಡಿಡಿ. ಆಮೇಲೆ ಎಲ್ಲರ ಫೋನಿನಿಂದಲೂ ಹೋಗುವಂತೆ ಅಳಿಸಿ, ಒಂದೆರಡು ದಿನ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಬದಲಿಸಿ. ‘ಇದು ಗ್ರೂಪಿನ ಮಾತಲ್ಲ, ನಮ್ಮ ಬೇಡಿಕೆ ಕೊನೆಭಾಗಕ್ಕೆ ನೀರು’ ಎಂದು ನೀವೇ ಬರೆದು ಹಾಕಿ. ನಾಳೆ ಯಾರಾದರೂ ಕೇಳಿದರೆ ಆ ಸಾಲೇ ನಿಮ್ಮ ಪರವಾಗಿ ನಿಲ್ಲುತ್ತದೆ. ದಿನ, ಹೊತ್ತು, ಜಾಗ ಹೇಳಿ ಕರೆದಿದ್ದರೆ ಕಾಯಬೇಡಿ, 112ಕ್ಕೆ ತಿಳಿಸಿ.

ಹೆದರಿ ಗ್ರೂಪನ್ನೇ ತೆಗೆಯುವುದು, ಫೋನ್ ಫಾರ್ಮ್ಯಾಟ್ ಮಾಡಿಸುವುದು ಬೇಡವೇ ಬೇಡ. ಸಾಕ್ಷ್ಯ ನಾಶದ ಆರೋಪಕ್ಕೆ ದಾರಿ ಅದೇ. ಕೋರ್ಟಿಗೆ ಡಿಜಿಟಲ್ ದಾಖಲೆ ಕೊಡಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಮೂಲ ಫೋನ್ ಇಲ್ಲದೆ ಬರೀ ಸ್ಕ್ರೀನ್‌ಶಾಟ್ ಇದ್ದರೆ ವಕೀಲರು ಅದನ್ನೇ ಹಿಡಿದು ಎಳೆಯುತ್ತಾರೆ.

ಬೇರೆಯವರ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನಮ್ಮ ರಾಜ್ಯದ ಕೋರ್ಟುಗಳು ಅವಕ್ಕೆ ಕಟ್ಟುಬಿದ್ದಿಲ್ಲ, ಆದರೆ ವಾದಕ್ಕೆ ಗಟ್ಟಿ ಆಧಾರ. ನೀವೇ ‘ಹೌದು, ನಡೀರಿ’ ಎಂದಿದ್ದರೆ ಮಾತ್ರ ಲೆಕ್ಕ ಬೇರೆ.

ಇನ್ನೊಂದು ಕೆಲಸ ಉಳಿದಿದೆ. ಆ ಸಂದೇಶಕ್ಕೆ ಹೆಬ್ಬೆರಳು ಒತ್ತಿದ ನಾಲ್ಕೈದು ಜನರನ್ನು ಗಮನಿಸಿ. ಇಂಥವರೇ ಪಕ್ಕಕ್ಕೆ ಸರಿದು ಸಣ್ಣದೊಂದು ಗ್ರೂಪ್ ಕಟ್ಟಿಕೊಳ್ಳುತ್ತಾರೆ. ‘ಬ್ಯಾಡೋ ತಮ್ಮ’ ಎನ್ನುವ ಹಿರಿಯರು ಅಲ್ಲಿರುವುದಿಲ್ಲ, ಮಾತು ದಿನದಿನಕ್ಕೆ ಏರುತ್ತದೆ. ಹಾಗಾಗಿ ಸಂದೇಶ ಹಾಕಿದವರನ್ನು ಗ್ರೂಪಿನಿಂದ ತೆಗೆಯುವ ಮುಂಚೆ ಕರೆದು ಕೂರಿಸಿ ಮಾತಾಡಿ.

ಪ್ರಶ್ನೆ: ಕಾರ್ಖಾನೆ ಹೊಗೆ ವಿರುದ್ಧದ ಹೋರಾಟಕ್ಕೆ ‘ನಾಳೆ ಸರ್ಕಲ್‌ನ್ಯಾಗ ಮಂತ್ರಿ ಸುಡ್ತೀವಿ’ ಎಂದು ಹಾಕಿದ್ದ ಪೋಸ್ಟ್ ಮಾಯವಾಗಿದೆ. ಬಂದ್ ದಿನ ಇಂಟರ್ನೆಟ್ ಕೂಡ ನಿಲ್ಲಿಸಬಹುದೇ?
– ಕೊಪ್ಪಳದ ಓದುಗರು

ಉತ್ತರ: ಪ್ರತಿಕೃತಿಯ ಮಾತೆಂದು ಊರಿಗೆ ಗೊತ್ತು. ಪೋಸ್ಟುಗಳನ್ನು ಸೋಸುವ ಸಾಮಾಜಿಕ ಜಾಲತಾಣ ಕಂಪನಿಯ ಯಂತ್ರಕ್ಕೆ ಕಾಣುವುದು ಒಬ್ಬ ಮನುಷ್ಯ ಮತ್ತು ‘ಸುಡು’ ಎಂಬ ಪದ. ‘ಪ್ರತಿಕೃತಿ ದಹನ’ ಎಂದು ಪೂರ್ತಿ ಬರೆಯಿರಿ. ಈಗ ಆ್ಯಪಿನಲ್ಲೇ ಮರುಪರಿಶೀಲನೆ ಕೇಳಿ. ಆಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪೋಸ್ಟಿನ ಪೂರ್ತಿ ಲಿಂಕ್ ಸಮೇತ ಬರೆಯಿರಿ. 24 ಗಂಟೆಯಲ್ಲಿ ಸ್ವೀಕೃತಿ ಬರಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು. ಯಾರಾದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ (ಆನ್‌ಲೈನಿನ ಆಕ್ಷೇಪಾರ್ಹ ಬರಹಕ್ಕೆ ಶಿಕ್ಷೆ) ಎಂದು ಹೆದರಿಸಿದರೆ, 2015ರ ಮಾರ್ಚ್ 24ರಂದೇ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದೆ ಎಂದು ಹೇಳಿ. ಸರ್ಕಾರ ಪೋಸ್ಟ್ ತಡೆಹಿಡಿಸುವ 69ಎ ಮಾತ್ರ ಊರ್ಜಿತವಾಗಿದೆ.

ಇಂಟರ್ನೆಟ್ ನಿಲ್ಲಿಸಬಹುದು, ಆದರೆ ರಾಜ್ಯದ ಗೃಹ ಕಾರ್ಯದರ್ಶಿ ಮಟ್ಟದ ಲಿಖಿತ ಆದೇಶ ಬೇಕು. ಕಾರಣ ಕೊಡಬೇಕು, ಪ್ರಕಟಿಸಬೇಕು. ಒಂದು ಆದೇಶ 15 ದಿನ ಮೀರುವಂತಿಲ್ಲ. ಆದೇಶದ ಪ್ರತಿ ಕೇಳಿ ಇಟ್ಟುಕೊಳ್ಳಿ, ಹೈಕೋರ್ಟಿಗೆ ಹೋಗಲು ಅದೇ ಮೊದಲ ಕಾಗದ. ನಮ್ಮ ಅಭಿಪ್ರಾಯ ಕೇಳಿದರೆ, ಇದು ಗಾಳಿಮಾತನ್ನು ನಿಲ್ಲಿಸುವುದಕ್ಕಿಂತ ಅದನ್ನು ಸುಳ್ಳೆಂದು ಹೇಳುವವರ ಬಾಯಿ ಕಟ್ಟುತ್ತದೆ. 2011ರ ಜನವರಿ ಕೊನೆಯಲ್ಲಿ ಈಜಿಪ್ಟ್ ಇಡೀ ದೇಶದ ಸಂಪರ್ಕ ಕಡಿಯಿತು. ಜನ ಬೀದಿಯಿಂದ ಮನೆಗೆ ಹೋಗಲಿಲ್ಲ.

ಪ್ರಶ್ನೆ: ಒಮ್ಮೆ ತೆಗೆದ ಹಿಂಸೆಯ ವಿಡಿಯೊ ಮತ್ತೆ ಬರುವುದೇಕೆ?
– ಗಂಗಾವತಿ

ಉತ್ತರ: ಕಂಪನಿಗಳು ವಿಡಿಯೊಕ್ಕೊಂದು ‘ಹ್ಯಾಶ್’, ಅಂದರೆ ಬೆರಳಚ್ಚಿನಂಥ ಸಂಖ್ಯೆ ಕೊಟ್ಟು ಹೋಲಿಸುತ್ತವೆ. ಅಂಚು ಕತ್ತರಿಸಿದರೆ, ಟಿವಿ ಪರದೆಯಿಂದ ಮತ್ತೆ ಚಿತ್ರೀಕರಿಸಿದರೆ ಹೋಲಿಕೆ ತಪ್ಪಬಹುದು. 2019ರ ಮಾರ್ಚ್ 15ರ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿ ದಾಳಿಯ ವಿಡಿಯೊದ 15 ಲಕ್ಷ ಪ್ರತಿಗಳನ್ನು ಮೊದಲ 24 ಗಂಟೆಯಲ್ಲಿ ತೆಗೆದೆವೆಂದು ಫೇಸ್‌ಬುಕ್ ಹೇಳಿತು. ಅದರಲ್ಲಿ 12 ಲಕ್ಷ ಮಾತ್ರ ಏರಿಸುವಾಗಲೇ ಸಿಕ್ಕಿಬಿದ್ದವು.

ಪ್ರಶ್ನೆ: ಕಾಲೇಜಿಗೆ ಹೋಗುವ ಮಗ ಯಾವುದೋ ಮುಚ್ಚಿದ ಟೆಲಿಗ್ರಾಂ ಗುಂಪಿನಲ್ಲಿದ್ದಾನೆ, ರಾತ್ರಿಯೆಲ್ಲ ಫೋನು. ಏನು ಮಾಡಲಿ?
– ತಾಯಿ, ಬಳ್ಳಾರಿ

ಉತ್ತರ: ಫೋನ್ ಕಿತ್ತುಕೊಳ್ಳಬೇಡಿ ತಾಯಿ, ಇನ್ನೊಂದು ಫೋನ್ ಬರುತ್ತದೆ, ನಿಮ್ಮೊಂದಿಗೆ ಮಾತು ನಿಲ್ಲುತ್ತದೆ. ಮುಖ ನೋಡದವರು ಅವನಿಂದ ಏನಾದರೂ ಕೇಳುತ್ತಿದ್ದಾರೆಯೇ ಎಂದು ತಿಳಿದುಕೊಳ್ಳಿ: ಅವನ ಹೆಸರಲ್ಲಿ ಸಿಮ್, ಬ್ಯಾಂಕ್ ಖಾತೆ, ಯಾವುದೋ ಜಾಗದ ಫೋಟೊ, ‘ಓದಿದ ಮೇಲೆ ಅಳಿಸು’ ಎಂಬ ಸೂಚನೆ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ವಕೀಲರನ್ನು ಕಾಣಿರಿ. ನಿಷೇಧಿತ ಸಂಘಟನೆಯ ಸದಸ್ಯತ್ವವೇ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಅಡಿ ಅಪರಾಧ ಎಂದು 2023ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಹೇಳಿದೆ, ‘ಸುಮ್ಮನೆ ಸೇರಿದ್ದೆ’ ಎಂಬುದು ಉಳಿಸುವುದಿಲ್ಲ. ಆ ಕಾಯ್ದೆಯಡಿ ಆರೋಪಪಟ್ಟಿಯ ಗಡುವು 180 ದಿನದವರೆಗೂ ಹೋಗಬಹುದು. ಪೊಲೀಸ್ ನೋಟಿಸ್ ಬಂದರೆ ತಪ್ಪಿಸಿಕೊಳ್ಳದೆ ವಕೀಲರ ಸಲಹೆ ಪಡೆದು ಹಾಜರಾಗಲಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರಿಗೆ, ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ನೆರವು ಕೊಡುತ್ತಾರೆ.