ರೈಲ್ ಸೆನ್ಸಾರಿನ ಕಪ್ಲರ್ ಮುರಿದ್ರೆ ಇಡೀ ವೈರಿಂಗ್ ಕಿಟ್ ಹಾಕ್ಬೇಕಾ?

ಪ್ರಶ್ನೆ: ಸಾರ್ ನಮಸ್ಕಾರ, ನಮ್ದು ಬಿಎಸ್ 4 ಹತ್ತು ಚಕ್ರದ ಲಾರಿ, ದಾವಣಗೆರೆಯಿಂದ ಮೆಕ್ಕೆಜೋಳ ಲೋಡ್ ಮಾಡ್ಕೊಂಡು ನಾಮಕ್ಕಲ್ ಕಡೆ ಹೊಡಿತೀವಿ. ಈಗ ಸ್ವಲ್ಪ ದಿನದಿಂದ ಚಿತ್ರದುರ್ಗ ದಾಟಿ ಹಿರಿಯೂರು ಕಡೆ ಹೋಗ್ತಿದ್ದಂಗೆ ಚೆಕ್ ಲೈಟ್ ಹತ್ಕೊಂಡು ಪಿಕಪ್ ಪೂರ್ತಿ ಬಿದ್ದೋಗ್ತೈತೆ, ಸೈಡಿಗೆ ಹಾಕಿ ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನಂಗೆ ಓಡ್ತೈತೆ. ಸ್ಕ್ಯಾನರ್ ಹಾಕ್ಸಿದ್ರೆ ಎಸ್‌ಪಿಎನ್ 157, ಎಫ್‌ಎಂಐ 3 ಅಂತ ಫಾಲ್ಟ್ ಕೋಡ್ ಬಂತು. ಇಂಜಿನ್ ಹತ್ರ ನೋಡಿದ್ರೆ ರೈಲ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚೋ ಪೈಪ್) ಮೇಲಿನ ಸೆನ್ಸಾರಿನ ಕಪ್ಲರ್, ಅಂದ್ರೆ ವೈರ್ ಸೇರಿಸೋ ಪ್ಲಗ್, ಅದ್ರ ಲಾಕ್ ಮುರಿದೋಗೈತೆ, ಯಾರೋ ಮುಂಚೆನೇ ಕೇಬಲ್ ಟೈ ಹಾಕಿ ಬಿಗಿದವ್ರೆ, ಪಿನ್ ಹಸಿರುಗಟ್ಟೈತೆ. ಒಬ್ರು ಇಡೀ ಇಂಜಿನ್ ವೈರಿಂಗ್ ಕಿಟ್ ಹಾಕ್ಸಿ ಅಂತಾರೆ, ಇನ್ನೊಬ್ರು ಕಪ್ಲರ್ ಕಟ್ ಮಾಡಿ ವೈರ್ ತಿರುಚಿ ಟೇಪ್ ಸುತ್ತಿ ಕೊಡ್ತೀನಿ ಅಂತಾರೆ. ಯಾವುದು ಮಾಡ್ಸಲಿ?
ಲಾರಿ ಮಾಲೀಕರು, ಹೊಳಲ್ಕೆರೆ

ಉತ್ತರ: ಎರಡೂ ಬೇಡ ಅಣ್ಣಾ. ಸೆನ್ಸಾರ್ ಕೂಡ ಈಗಲೇ ಬದಲಿಸ್ಬೇಡಿ. ನಿಮ್ಗೆ ಬೇಕಾಗಿರೋದು ಗೇಣುದ್ದ ವೈರ್ ಸಮೇತ ಬರೋ ಒಂದು ಹೊಸ ಕಪ್ಲರ್, ಮತ್ತೆ ಅದನ್ನ ತಾಳ್ಮೆಯಿಂದ ಕೂರಿಸೋ ಒಬ್ಬ ಎಲೆಕ್ಟ್ರಿಷಿಯನ್.

ಎಸ್‌ಪಿಎನ್ 157 ಅಂದ್ರೆ ರೈಲ್ ಪ್ರೆಶರ್, ಎಫ್‌ಎಂಐ 3 ಅಂದ್ರೆ ಸಿಗ್ನಲ್ ವೋಲ್ಟೇಜ್ ಇರ್ಬೇಕಾದ್ದಕ್ಕಿಂತ ಜಾಸ್ತಿ ಬರ್ತಿದೆ ಅಂತ ಅರ್ಥ. ಆ ಸೆನ್ಸಾರಿಗೆ ಹೋಗೋದು ಮೂರು ವೈರ್, ಒಂದ್ರಲ್ಲಿ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) 5 ವೋಲ್ಟ್ ಕಳಿಸತ್ತೆ, ಒಂದು ಅರ್ತ್, ಇನ್ನೊಂದು ಸಿಗ್ನಲ್. ಹೆಚ್ಚಿನ ಇಂಜಿನ್‌ಗಳಲ್ಲಿ ಪ್ರೆಶರ್ ಇಲ್ದಾಗ ಸಿಗ್ನಲ್ ಅರ್ಧ ವೋಲ್ಟ್ ಆಸುಪಾಸು ಇರತ್ತೆ, ಪ್ರೆಶರ್ ಏರಿದಂಗೆ ಅದೂ ಏರಿ ನಾಲ್ಕೂವರೆ ವೋಲ್ಟ್ ತನಕ ಹೋಗತ್ತೆ, ಅಂದ್ರೆ 1600, 1800 ಬಾರ್ ಪ್ರೆಶರಿನ ಲೆಕ್ಕ ಎಲ್ಲಾ ಆ ನಾಲ್ಕು ವೋಲ್ಟಿನ ಒಳಗೇ ಮುಗೀಬೇಕು. ಹೆಡ್‌ಲೈಟ್ ಪಿನ್ ಲೂಸ್ ಆದ್ರೆ ಲೈಟ್ ಮಿಣುಕತ್ತೆ ಅಷ್ಟೇ, ಇಲ್ಲಿ ಅರ್ತ್ ಪಿನ್ ಒಂದು ಗಳಿಗೆ ಬಿಟ್ಕೊಂಡ್ರೂ ಸಿಗ್ನಲ್ ಸೀದಾ 5 ವೋಲ್ಟ್ ಕಡೆ ಜಿಗಿಯತ್ತೆ, ಇಸಿಯು ಏನೋ ಅನಾಹುತ ಆಯ್ತು ಅಂತ ಇಂಜಿನ್ ಪವರ್ ಇಳಿಸಿಬಿಡತ್ತೆ. ಕೀ ಆಫ್ ಮಾಡಿ ಆನ್ ಮಾಡಿದಾಗ ಪಿನ್ ಕಚ್ಕೊಂಡಿದ್ರೆ ಮತ್ತೆ ಸರಿ ಓಡತ್ತೆ. ನಿಮ್ಮ ಗಾಡಿ ಮಾಡ್ತಿರೋದು ಇದನ್ನೇ.

ತಿರುಚಿ ಟೇಪ್ ಸುತ್ತೋದು ಯಾಕೆ ಬೇಡ ಅಂದ್ರೆ, ಇಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಬಿಚ್ಕೊಳತ್ತೆ, ಒಳಗೆ ನೀರು ಡೀಸೆಲ್ ಧೂಳು ಸೇರತ್ತೆ, ತಾಮ್ರ ಕಪ್ಪಾಗತ್ತೆ, ಮಳೆಗಾಲದಲ್ಲಿ ರಾತ್ರಿ ಹೊತ್ತು ಹೈವೇ ಮಧ್ಯೆ ನಿಲ್ಲಿಸತ್ತೆ. ಸಾಲ್ಡರ್ ಹಾಕ್ತೀನಿ ಅಂದ್ರೂ ಒಪ್ಪಬೇಡಿ. ಸೀಸ ಎಳೆಗಳ ಒಳಗೆ ಹರಿದು ವೈರ್ ಕಡ್ಡಿ ಥರ ಸೆಟೆದುಕೊಳತ್ತೆ, ಇಂಜಿನ್ ನಡುಕಕ್ಕೆ ಸಾಲ್ಡರ್ ಮುಗಿಯೋ ಜಾಗದಲ್ಲೇ ಪಟ್ ಅಂತ ಮುರಿಯತ್ತೆ. ಮೇಲಿನ ಪ್ಲಾಸ್ಟಿಕ್ ಮುರಿಯದೆ ಇರೋದ್ರಿಂದ ಹೊರಗಿಂದ ಕಾಣೋದೂ ಇಲ್ಲ, ಹುಡುಕೋಕೆ ದಿನಗಟ್ಲೆ ಬೇಕು.

ಸಾಮಾನು ತರೋಕೆ ಹಳೇ ಕಪ್ಲರ್ ಜೊತೇಲಿ ಹೋಗಿ, ಇಲ್ಲಾಂದ್ರೆ ಮೂರ್ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಂಡು ಚಾಸಿಸ್ ನಂಬರ್ ಸಮೇತ ಹೋಗಿ. ಮೂರು ಪಿನ್ ಅಂದ ತಕ್ಷಣ ಎಲ್ಲಾ ಒಂದೇ ಅಲ್ಲ, ಸೆನ್ಸಾರಿಗೆ ಸರಿಯಾಗಿ ಕೂರೋಕೆ ಅಂತ ಒಳಗಿರೋ ಗೀರು ಬೇರೆ ಬೇರೆ ಕಡೆ ಇರತ್ತೆ. ಅಂಗಡಿಯಲ್ಲೇ ಮೂರು ವಿಷಯ ನೋಡ್ಕೊಳಿ. ಲಾಕ್ ಟಕ್ ಅಂತ ಕೂರಬೇಕು, ಒಳಗೆ ರಬ್ಬರ್ ರಿಂಗ್ ಇರ್ಬೇಕು, ಹಿಂದ್ಗಡೆ ಪ್ರತಿ ವೈರಿಗೂ ಒಂದೊಂದು ಪುಟ್ಟ ರಬ್ಬರ್ ಸೀಲ್ ಇರ್ಬೇಕು. ನಿಮ್ದು ಹಸಿರುಗಟ್ಟಿರೋದಕ್ಕೆ ಇವುಗಳಲ್ಲಿ ಯಾವುದೋ ಒಂದು ಸೀಲ್ ಹೋಗಿರೋದೇ ಕಾರಣ ಇರತ್ತೆ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು. ಹೊಸ ಕಪ್ಲರಿನ ವೈರ್ ಬಣ್ಣಕ್ಕೂ ನಿಮ್ಮ ಗಾಡಿ ವೈರ್ ಬಣ್ಣಕ್ಕೂ ಸಂಬಂಧ ಇರಲ್ಲ, ಮೂರೂ ಕಪ್ಪೇ ಬಂದ್ರೂ ಬರಬಹುದು. ಕಪ್ಲರ್ ಹಿಂಭಾಗದಲ್ಲಿ 1, 2, 3 ಅಂತ ಸಣ್ಣದಾಗಿ ಅಚ್ಚಾಗಿರತ್ತೆ, ಬಟ್ಟೆಯಲ್ಲಿ ಒರೆಸಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ಹಳೇದ್ರ 1ಕ್ಕೆ ಹೊಸದ್ರ 1 ಅಂತ ನಂಬರ್ ಹಿಡಿದು ಸೇರಿಸಿ. ಒಂದೇ ಸಲಕ್ಕೆ ಮೂರೂ ಕತ್ತರಿಸಬಾರದು, ಒಂದು ಕತ್ತರಿಸಿ ಅದನ್ನ ಸೇರಿಸಿ ಮುಗಿಸಿದ ಮೇಲೇ ಇನ್ನೊಂದು. 5 ವೋಲ್ಟೂ ಅರ್ತೂ ಅದಲು ಬದಲು ಆದ್ರೆ ಚೆನ್ನಾಗಿರೋ ಸೆನ್ಸಾರೂ ಸುಟ್ಟು ಹೋಗಬಹುದು.

ಕೆಲಸ ಶುರು ಮಾಡೋಕೆ ಮುಂಚೆ ಕೀ ಆಫ್ ಮಾಡಿ ಸ್ವಲ್ಪ ಹೊತ್ತು ಸುಮ್ನೆ ಬಿಡಿ. ಯೂರಿಯಾ ಟ್ಯಾಂಕ್ ಇರೋ ಗಾಡಿ ಆದ್ರೆ ಪಂಪ್ ಲೈನ್ ಖಾಲಿ ಮಾಡೋ ಸದ್ದು ಕೇಳಿಸ್ತಿರತ್ತೆ, ಅದು ಪೂರ್ತಿ ನಿಂತ ಮೇಲೇ ಬ್ಯಾಟರಿ ನೆಗೆಟಿವ್ ಬಿಚ್ಚಿ. ಆಮೇಲೆ ವೈರ್ ಸುಲಿದಾಗ ಒಳಗಿನ ತಾಮ್ರ ಹೊಳೀತಿರಬೇಕು, ಕಪ್ಪಗೋ ಹಸಿರೋ ಇದ್ರೆ ಹೊಳೆಯೋ ತಾಮ್ರ ಸಿಗೋ ತನಕ ಹಿಂದಕ್ಕೆ ಕತ್ತರಿಸ್ತಾ ಹೋಗಿ. ಸೇರಿಸೋಕೆ ವೈರಿನ ದಪ್ಪಕ್ಕೆ ಸರಿಯಾದ ಕ್ರಿಂಪ್ ಜಾಯಿಂಟ್ (ವೈರ್ ಒಳಗಿಟ್ಟು ಒತ್ತಿ ಸೇರಿಸೋ ಪುಟ್ಟ ಕೊಳವೆ), ಅದನ್ನ ಒತ್ತೋಕೆ ಕ್ರಿಂಪಿಂಗ್ ಟೂಲೇ ಬೇಕು, ಕಟಿಂಗ್ ಪ್ಲೇಯರಿನಲ್ಲಿ ಕಚ್ಚಿಸಿದ್ರೆ ಅರ್ಧ ಎಳೆ ತುಂಡಾಗ್ತವೆ. ಒತ್ತಿದ ಮೇಲೆ ಕೈಯಲ್ಲಿ ಗಟ್ಟಿಯಾಗಿ ಜಗ್ಗಿ ನೋಡಿ, ಬಿಚ್ಚಿ ಬಂದ್ರೆ ಈಗಲೇ ಬರಲಿ. ಮೇಲೆ ಒಳಗಡೆ ಅಂಟು ಇರೋ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗಿ ಕಚ್ಕೊಳೋ ಕೊಳವೆ) ಹಾಕಿ ಬಿಸಿ ಮಾಡಿದ್ರೆ ಎರಡೂ ತುದಿಯಿಂದ ಅಂಟು ಸ್ವಲ್ಪ ಇಣುಕತ್ತೆ, ಆಗ ನೀರು ಹೋಗಲ್ಲ ಅಂತ ಗ್ಯಾರಂಟಿ. ಮೂರೂ ಜಾಯಿಂಟ್ ಅಕ್ಕಪಕ್ಕ ಬರಬಾರದು, ಒಂದೊಂದು ಇಂಚು ಹಿಂದೆ ಮುಂದೆ ಇರ್ಲಿ.

ಕೆಲಸ ಮಾಡೋವಾಗ ರೈಲ್ ಪೈಪಿನ ನಟ್ ಮುಟ್ಟಬೇಡಿ. ಇಂಜಿನ್ ಓಡ್ತಿರುವಾಗ ಇಂಜೆಕ್ಟರ್ ಕಪ್ಲರ್ ಕೀಳೋದಂತೂ ಬೇಡವೇ ಬೇಡ, ಅಲ್ಲಿ ಬರೋ ವೋಲ್ಟೇಜ್ ಬ್ಯಾಟರಿ ವೋಲ್ಟೇಜಿಗಿಂತ ಎಷ್ಟೋ ಜಾಸ್ತಿ.

ಕಪ್ಲರ್ ಹಾಕಿದ್ರೆ ಅರ್ಧ ಕೆಲಸ ಆಯ್ತು. ಲಾಕ್ ಯಾಕೆ ಮುರೀತು ಅಂತ ನೋಡದೆ ಗಾಡಿ ಬಿಡಬೇಡಿ. ಬಿಸಿಗೆ ಪ್ಲಾಸ್ಟಿಕ್ ಪೆಡಸಾಗಿ ಮುರಿಯೋದು ಉಂಟು, ಸ್ಕ್ರೂ ಡ್ರೈವರ್ ಹಾಕಿ ಮೀಟಿ ಮುರಿಯೋದು ಇನ್ನೂ ಜಾಸ್ತಿ. ಆದ್ರೆ ಮೊದ್ಲು ನೋಡಬೇಕಾದ್ದು ವೈರಿಂಗ್ ಕ್ಲಾಂಪ್. ಹಿಂದೆ ಯಾರೋ ಇಂಜಿನ್ ಕೆಲಸ ಮಾಡಿ ಕ್ಲಾಂಪ್ ಹಾಕೋದು ಬಿಟ್ಟಿದ್ರೆ ಇಡೀ ವೈರ್ ಕಟ್ಟಿನ ಭಾರ, ಅಲುಗಾಟ ಎಲ್ಲಾ ಆ ಮೂರು ಪಿನ್ ಮೇಲೇ ಬೀಳತ್ತೆ. ಕಪ್ಲರ್ ಹತ್ರದಲ್ಲೇ ಒಂದು ಕ್ಲಾಂಪ್ ಹಾಕಿ, ವೈರ್ ಸ್ವಲ್ಪ ಸಡಿಲ ಇರ್ಲಿ, ಟರ್ಬೊ ಮತ್ತು ಸೈಲೆನ್ಸರ್ ಪೈಪಿಂದ ದೂರ ಇರ್ಲಿ. ಕೊನೆಗೆ ಇಂಜಿನ್ ಸ್ಟಾರ್ಟ್ ಮಾಡಿ, ಸ್ಕ್ಯಾನರಿನಲ್ಲಿ ರೈಲ್ ಪ್ರೆಶರ್ ನೋಡ್ತಾ, ಬಿಸಿ ಭಾಗದಿಂದ ಕೈ ಕಾಪಾಡ್ಕೊಂಡು ವೈರ್ ಅಲ್ಲಾಡಿಸಿ. ರೀಡಿಂಗ್ ಜಿಗಿಯದೆ ಇದ್ರೆ ಕೋಡ್ ಕ್ಲಿಯರ್ ಮಾಡಿ ಲೋಡ್ ಹಾಕಿ. ಆಮೇಲೂ ಅದೇ ಕೋಡ್ ಬಂದ್ರೆ ಆಗ ಸೆನ್ಸಾರ್ ಮೇಲೆ ಅನುಮಾನ ಪಡಿ.

ಪ್ರಶ್ನೆ: ಗಾಡಿ ಪ್ರೆಶರಿನಲ್ಲಿ ತೊಳೆಸಿದ ಮೇಲೆ ಸೆನ್ಸಾರ್ ಕಪ್ಲರ್‌ಗಳಿಗೆ ನೀರು ಹೋಗ್ತದೆ ಅಂತ ನಮ್ಮ ಡ್ರೈವರ್ ಗ್ರೀಸ್ ತುಂಬ್ತಾರೆ. ಒಳ್ಳೇದಾ?
ಓದುಗರು, ದಾವಣಗೆರೆ

ಉತ್ತರ: ಚಾಸಿಸ್ ಗ್ರೀಸ್ ಆದ್ರೆ ಇವತ್ತೇ ನಿಲ್ಲಿಸಿ. ಅದು ಧೂಳು ಹಿಡಿಯತ್ತೆ, ಕೆಲವು ರಬ್ಬರ್ ಸೀಲನ್ನ ಉಬ್ಬಿಸಿಬಿಡತ್ತೆ, ಕಪ್ಲರ್ ತುಂಬಾ ತುಂಬಿದ್ರೆ ಲಾಕ್ ಪೂರ್ತಿ ಕೂರೋದೂ ಇಲ್ಲ. ಸೀಲ್ ಚೆನ್ನಾಗಿದ್ರೆ ಗ್ರೀಸೇ ಬೇಕಾಗಿಲ್ಲ. ಹಾಕಲೇಬೇಕು ಅಂದ್ರೆ ಎಲೆಕ್ಟ್ರಿಕಲ್ ಕೆಲಸಕ್ಕೆ ಅಂತಲೇ ಬರೋ ಗ್ರೀಸನ್ನ ರಬ್ಬರ್ ರಿಂಗಿಗೆ ತೆಳುವಾಗಿ ಸವರಿ ಸಾಕು. ತೊಳೆಯೋವಾಗ ಇಸಿಯು ಮತ್ತು ಕಪ್ಲರ್ ಇರೋ ಕಡೆಗೆ ಗನ್ ಹತ್ರ ಹಿಡಿದು ಹೊಡೀಬೇಡಿ ಅಂತ ಸರ್ವಿಸ್ ಸ್ಟೇಷನ್ ಹುಡುಗ್ರಿಗೆ ಮೊದಲೇ ಹೇಳಿ.