ಓದುಗರ ಪ್ರಶ್ನೆ: ವಿಕಿಪೀಡಿಯದ ಪುಟವೆಲ್ಲ ಲೇಖನವೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮೂರಿನ ಹಳೆಯ ಕೆರೆಯ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ನಾಲ್ಕು ವಾಕ್ಯಗಳ ಒಂದು ಪುಟ ಬರೆದೆ. ಅಲ್ಲಿನ ಅಂಕಿಅಂಶಗಳನ್ನು ನೋಡಿದರೆ ಲೇಖನಗಳ ಸಂಖ್ಯೆಯೇ ಬೇರೆ, ಒಟ್ಟು ಪುಟಗಳ ಸಂಖ್ಯೆಯೇ ಬೇರೆ. ಎರಡನೆಯದು ಎಷ್ಟೋ ಪಟ್ಟು ದೊಡ್ಡದು. ನನ್ನ ಪುಟ ಯಾವ ಲೆಕ್ಕಕ್ಕೆ ಸೇರಿತು? ಅದನ್ನು ಲೇಖನವೆನ್ನಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ತಾವು ಒಂದೇ ಪ್ರಶ್ನೆ ಕೇಳಿದಂತೆ ಕಂಡರೂ ಅದರೊಳಗೆ ಎರಡು ಪ್ರಶ್ನೆಗಳಿವೆ. ತಂತ್ರಾಂಶವು ಯಾವುದನ್ನು ಲೇಖನವೆಂದು ಎಣಿಸುತ್ತದೆ ಎಂಬುದು ಒಂದು. ಅಲ್ಲಿ ದುಡಿಯುವ ಸಂಪಾದಕರು ಯಾವುದನ್ನು ಲೇಖನವೆಂದು ಒಪ್ಪುತ್ತಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಿಖರವಾದ ಉತ್ತರವಿದೆ.

ವಿಕಿಪೀಡಿಯದ ಪುಟಗಳನ್ನು ಬೇರೆ ಬೇರೆ ಖಾನೆಗಳಲ್ಲಿ ಜೋಡಿಸಿಟ್ಟಿದ್ದಾರೆ. ‘ಸದಸ್ಯ’, ‘ಚರ್ಚೆಪುಟ’, ‘ವರ್ಗ’, ‘ಟೆಂಪ್ಲೇಟು’, ‘ಸಹಾಯ’ ಎಂಬ ಪದವೂ ಅದರ ಮುಂದೆ ಎರಡು ಚುಕ್ಕಿಯೂ ಇರುವ ಶೀರ್ಷಿಕೆಯ ಪುಟಗಳು ಒಳಗಿನ ವ್ಯವಹಾರಕ್ಕೆ ಸೇರಿದವು. ಕನ್ನಡದ ಸಂಪಾದಕರು ಸಮುದಾಯದ ವಿಚಾರಗಳನ್ನು ಮಾತನಾಡಿಕೊಳ್ಳುವ ‘ಅರಳಿ ಕಟ್ಟೆ’ ಎಂಬ ಪುಟವೂ ಅಂಥದ್ದೇ. (ಆ ಹೆಸರನ್ನು ಇಟ್ಟವರಿಗೆ ನನ್ನದೊಂದು ನಮಸ್ಕಾರ.) ಇವೆಲ್ಲ ಒಟ್ಟು ಪುಟಗಳ ಲೆಕ್ಕದಲ್ಲಿರುತ್ತವೆಯೇ ಹೊರತು ಲೇಖನಗಳ ಲೆಕ್ಕದಲ್ಲಿರುವುದಿಲ್ಲ. ಅಂಥ ಪೂರ್ವಪದವಿಲ್ಲದೆ ವಿಷಯದ ಹೆಸರನ್ನಷ್ಟೇ ಹೊತ್ತ ಪುಟ ಮಾತ್ರ ಲೇಖನವಾಗುವ ಸಾಲಿನಲ್ಲಿ ನಿಲ್ಲುತ್ತದೆ.

ಆ ಸಾಲಿನಿಂದಲೂ ಕೆಲವನ್ನು ಹೊರಗಿಡುತ್ತಾರೆ. ಮುದ್ರಿತ ವಿಶ್ವಕೋಶಗಳಲ್ಲಿ ‘ಪುಟ್ಟಪ್ಪ, ಕೆ.ವಿ. – ನೋಡಿ: ಕುವೆಂಪು’ ಎಂಬಂಥ ಸಾಲುಗಳಿರುತ್ತವಲ್ಲ, ವಿಕಿಪೀಡಿಯದಲ್ಲಿ ಅದೇ ಕೆಲಸವನ್ನು ಮಾಡುವ ಪುಟಗಳಿಗೆ ಪುನರ್ನಿರ್ದೇಶನವೆಂದು ಹೆಸರು. ಒಂದೇ ಹೆಸರನ್ನು ಹತ್ತು ರೀತಿ ಬರೆಯುವ ನಮ್ಮ ಕನ್ನಡಕ್ಕೆ ಇವು ಬಹಳ ಬೇಕು; ಆದರೆ ಓದುಗರನ್ನು ಇನ್ನೊಂದು ಪುಟಕ್ಕೆ ಕಳುಹಿಸುವ ಪುಟವನ್ನು ಲೇಖನವೆಂದು ಎಣಿಸುವುದಿಲ್ಲ.

ಇಷ್ಟಾದ ಮೇಲೆ ಉಳಿಯುವುದು ಒಂದೇ ಪರೀಕ್ಷೆ, ಅದು ತಮಗೆ ನಗು ತರಿಸಬಹುದು. ಪುಟದಲ್ಲಿ ವಿಕಿಪೀಡಿಯದ್ದೇ ಮತ್ತೊಂದು ಪುಟಕ್ಕೆ ಒಂದಾದರೂ ಕೊಂಡಿ ಇರಬೇಕು. ‘ಈ ಕೆರೆಯ ನೀರು ಗದ್ದೆಗಳಿಗೆ ಹರಿಯುತ್ತದೆ’ ಎಂದು ಬರೆದು ಉಳಿಸಿದರೆ ಎಣಿಕೆಯಂತ್ರ ಕಣ್ಣೆತ್ತಿಯೂ ನೋಡುವುದಿಲ್ಲ. ಅದೇ ವಾಕ್ಯದಲ್ಲಿ ‘ನೀರು’ ಎಂಬ ಪದದ ಎರಡೂ ಬದಿಗೆ ಎರಡೆರಡು ಚೌಕ ಆವರಣಗಳನ್ನು ಹಾಕಿ [[ನೀರು]] ಎಂದು ಮಾಡಿದರೆ ಲೇಖನಗಳ ಸಂಖ್ಯೆ ಒಂದು ಏರುತ್ತದೆ. ಕೊಂಡಿ ಹಾಕಿದ ಪುಟ ಇನ್ನೂ ಹುಟ್ಟಿರದೆ ಪದವು ಕೆಂಪಾಗಿ ಕಂಡರೂ ಅಡ್ಡಿಯಿಲ್ಲ.

ಆರಂಭದ ವರ್ಷಗಳ ಪರೀಕ್ಷೆ ಇದಕ್ಕಿಂತ ವಿಚಿತ್ರವಾಗಿತ್ತು: ಪುಟದಲ್ಲಿ ಒಂದು ಅಲ್ಪವಿರಾಮವಿದ್ದರೆ ಅದು ಲೇಖನ. ಅಲ್ಪವಿರಾಮ ಇದೆಯೆಂದರೆ ವಾಕ್ಯವೆನ್ನಬಹುದಾದದ್ದು ಒಂದಾದರೂ ಇದ್ದೀತು ಎಂಬ ಊಹೆ ಇದರ ಹಿಂದಿತ್ತು. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಶುರುವಾದ ಕೋಶಕ್ಕೆ ಇದು ಹೇಗೋ ಒಪ್ಪಿತು. ಜಪಾನಿ, ಚೀನಿ ಬರವಣಿಗೆಯಲ್ಲಿ ಅಲ್ಪವಿರಾಮದ ಆಕಾರವೂ ಕಂಪ್ಯೂಟರಿನಲ್ಲಿ ಅದರ ಸಂಕೇತವೂ ಬೇರೆಯಾದ್ದರಿಂದ ಅಲ್ಲಿ ಈ ಲೆಕ್ಕ ಹೊಂದಲಿಲ್ಲ. ನಮ್ಮ ತಾಳೆಗರಿಯ ಲಿಪಿಕಾರರು ಅಲ್ಪವಿರಾಮವನ್ನೇ ಕಾಣದವರಾದ್ದರಿಂದ, ಪಂಪನ ಇಡೀ ಕಾವ್ಯವನ್ನು ಗರಿಯಲ್ಲಿದ್ದಂತೆಯೇ ತಂದು ಹಾಕಿದ್ದರೂ ಆ ಎಣಿಕೆಯಲ್ಲಿ ಸೊನ್ನೆಯೇ ಬರುತ್ತಿತ್ತು! ಕೊಂಡಿಯಾದರೆ ಎಲ್ಲ ಭಾಷೆಗೂ ಸಮಾನ. ಅದಕ್ಕೂ ಒಂದು ದೋಷವಿದೆ. ‘ಪಂಪ’ ಎಂಬ ಹೆಸರಿಗೆ ಆದಿಕವಿಯನ್ನೂ ಅಭಿನವಪಂಪನೆನಿಸಿಕೊಂಡ ನಾಗಚಂದ್ರನನ್ನೂ ಕೇರಳದ ನದಿಯನ್ನೂ ಪಟ್ಟಿ ಮಾಡಿ, ‘ನಿಮಗೆ ಬೇಕಾದದ್ದು ಇವುಗಳಲ್ಲಿ ಯಾವುದು’ ಎಂದು ಕೇಳುವ ದ್ವಂದ್ವ ನಿವಾರಣೆಯ ಪುಟದಲ್ಲಿ ಇರುವುದೆಲ್ಲ ಕೊಂಡಿಗಳೇ. ಹೀಗಾಗಿ ಯಂತ್ರ ಅದನ್ನೂ ಲೇಖನವೆಂದೇ ಎಣಿಸುತ್ತದೆ, ಯಾವ ಸಂಪಾದಕರೂ ಅದನ್ನು ಲೇಖನವೆಂದು ಕರೆಯದಿದ್ದರೂ.

ಇನ್ನು ತಮ್ಮ ಎರಡನೆಯ ಪ್ರಶ್ನೆ. ನಾಲ್ಕು ವಾಕ್ಯಗಳ ಪುಟವನ್ನು ವಿಕಿಪೀಡಿಯದವರು ‘ಚುಟುಕು’ ಎನ್ನುತ್ತಾರೆ. ಅದು ಬೆಳೆಯಬೇಕಾದ ಲೇಖನವೇ ಹೊರತು ತಿರಸ್ಕೃತ ಲೇಖನವಲ್ಲ. ಅವರು ನೋಡುವುದು ಉದ್ದವನ್ನಲ್ಲ, ಆ ಕೆರೆಯ ಬಗ್ಗೆ ತಾವಲ್ಲದೆ ಬೇರೆ ಯಾರು, ಎಲ್ಲಿ ಬರೆದಿದ್ದಾರೆ ಎಂಬುದನ್ನು. ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಏರಿಯ ಮೇಲಿದ್ದು ಅದು ಎಪಿಗ್ರಾಫಿಯ ಕರ್ನಾಟಿಕದ ಯಾವುದಾದರೂ ಸಂಪುಟದಲ್ಲಿ ಅಚ್ಚಾಗಿದ್ದರೆ, ಅಥವಾ ಜಿಲ್ಲಾ ಗ್ಯಾಸೆಟಿಯರಿನಲ್ಲಿ ಕೆರೆಯ ಪ್ರಸ್ತಾಪವಿದ್ದರೆ, ಆ ಸಂಪುಟವನ್ನೂ ಪುಟಸಂಖ್ಯೆಯನ್ನೂ ವಾಕ್ಯದ ಬದಿಯಲ್ಲಿಯೇ ಉಲ್ಲೇಖವಾಗಿ ಕೊಡಿ. ಶಾಸನವನ್ನು ತಾವೇ ಓದಿ ಹೊಸ ಅರ್ಥ ಹಚ್ಚಿದ್ದರೆ ಅದನ್ನು ಮೊದಲು ಸಂಶೋಧನ ಪತ್ರಿಕೆಯೊಂದಕ್ಕೆ ಕಳುಹಿಸಿ; ಸ್ವಂತ ಸಂಶೋಧನೆ ಎಷ್ಟೇ ಸರಿಯಿದ್ದರೂ ವಿಕಿಪೀಡಿಯ ಅದನ್ನು ಮೊದಲ ಬಾರಿಗೆ ಪ್ರಕಟಿಸುವ ಜಾಗವಲ್ಲ.

ಪ್ರಶ್ನೆ: ನಾಟಕ ಕಂಪನಿಯಲ್ಲಿ ನಲವತ್ತು ವರ್ಷ ಹಾರ್ಮೋನಿಯಂ ನುಡಿಸಿದ ನಮ್ಮ ತಾತನವರ ಬಗ್ಗೆ ಬರೆದ ಪುಟಕ್ಕೆ ಯಾರೋ ಅಳಿಸುವಿಕೆಯ ಸೂಚನೆ ಹಾಕಿದ್ದಾರೆ. ಅದರಲ್ಲಿ ಕೊಂಡಿಗಳಿವೆ, ಚಿತ್ರವಿದೆ, ಒಂದು ಸಾವಿರ ಪದಗಳಿವೆ. ಇದಕ್ಕಿಂತ ಲೇಖನ ಬೇಕೇ?
– ಓದುಗರೊಬ್ಬರು, ಹಾಸನ

ಉತ್ತರ: ತಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಸೂಚನೆ ಹಾಕಿದವರು ತಮ್ಮ ತಾತನವರ ಹಿರಿಮೆಯನ್ನು ಅಳೆಯಲು ಹೊರಟವರಲ್ಲ. ಅವರು ಕೇಳುತ್ತಿರುವುದು ಆಧಾರವನ್ನು. ವಿಷಯದ ಗಮನಾರ್ಹತೆ ಎಂದು ಅವರು ಹೇಳುವ ಮಾತಿನ ಅರ್ಥ ಇಷ್ಟು: ವಿಷಯಕ್ಕೆ ಸಂಬಂಧಪಡದ, ನಂಬಬಹುದಾದ ಪ್ರಕಟಣೆಗಳು ಅದರ ಬಗ್ಗೆ ಒಂದೆರಡು ಸಾಲಿಗಿಂತ ಹೆಚ್ಚು ಬರೆದಿರಬೇಕು. ಕುಟುಂಬದವರೇ ಅಚ್ಚು ಹಾಕಿಸಿದ ಸ್ಮರಣ ಸಂಚಿಕೆ ಈ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ದಿನಪತ್ರಿಕೆಯ ಲೇಖನ, ವೃತ್ತಿರಂಗಭೂಮಿಯ ಮೇಲೆ ಬೇರೆಯವರು ಬರೆದ ಪುಸ್ತಕದ ಅಧ್ಯಾಯ, ಅಕಾಡೆಮಿಯ ಪ್ರಕಟಣೆ ಇವು ಬರುತ್ತವೆ. ಅವು ಅಂತರ್ಜಾಲದಲ್ಲಿ ಸಿಗಲೇಬೇಕೆಂಬ ನಿಯಮವಿಲ್ಲ. ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆಗಳನ್ನು ಕೊಟ್ಟರೆ ಸಾಕು. ಟ್ರಂಕಿನ ತಳದಲ್ಲಿ ಕತ್ತರಿಸಿಟ್ಟ ತುಣುಕುಗಳಿದ್ದರೆ ಅವುಗಳ ವಿವರವನ್ನು ಪುಟಕ್ಕೆ ಸೇರಿಸಿ, ಸೂಚನೆಯನ್ನು ತಾವಾಗಿಯೇ ಕಿತ್ತುಹಾಕದೆ, ಚರ್ಚೆಪುಟದಲ್ಲಿ ಉತ್ತರಿಸಿ. ತಾವು ಮೊಮ್ಮಕ್ಕಳೆಂಬುದನ್ನೂ ಅಲ್ಲಿಯೇ ತಿಳಿಸಿಬಿಡುವುದು ಒಳ್ಳೆಯದು.

ಪ್ರಶ್ನೆ: ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಇಷ್ಟು ವರ್ಷಗಳಲ್ಲಿ ಮೂವತ್ತು ಸಾವಿರ ಚಿಲ್ಲರೆ ಲೇಖನಗಳು ಮಾತ್ರವೇ? ಯಂತ್ರದಿಂದ ಅನುವಾದ ಮಾಡಿಸಿ ಲಕ್ಷ ದಾಟಿಸಬಾರದೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಾಟಿಸಬಹುದು. ಫಿಲಿಪ್ಪೀನ್ಸಿನ ಸೆಬುವಾನೊ ಭಾಷೆಯ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿದ್ದು, ಎಣಿಕೆಯಲ್ಲಿ ಇಂಗ್ಲಿಷಿನ ನಂತರದ ಸ್ಥಾನ ಅದರದು. ಅವುಗಳಲ್ಲಿ ಹೆಚ್ಚಿನವನ್ನು ಬರೆದದ್ದು ಸ್ವೀಡನ್ನಿನ ಸ್ವೆರ್ಕರ್ ಯೊಹಾನ್ಸನ್ ಎಂಬವರು ರೂಪಿಸಿದ ‘ಎಲ್‌ಎಸ್‌ಜೆಬಾಟ್’ ಎಂಬ ತಂತ್ರಾಂಶ. ದತ್ತಾಂಶ ಕೋಶಗಳಿಂದ ಜೀವಿಗಳ, ಬೆಟ್ಟ ಹೊಳೆಗಳ ಹೆಸರುಗಳನ್ನು ಎತ್ತಿಕೊಂಡು ಒಂದೇ ಅಚ್ಚಿನ ವಾಕ್ಯಗಳಲ್ಲಿ ತುಂಬುವುದು ಅದರ ಕ್ರಮ. ಇದೇ ತಂತ್ರಾಂಶದಿಂದ ಬೆಳೆದ ಸ್ವೀಡಿಶ್ ವಿಕಿಪೀಡಿಯದವರು ಮುಂದೆ ಅಂಥ ಪುಟಗಳನ್ನು ಲಕ್ಷಗಟ್ಟಲೆ ತಾವೇ ಅಳಿಸಿದರು.

ಅನುವಾದದ ರುಚಿಯನ್ನು ನಾವೂ ನೋಡಿದ್ದೇವೆ. 2010ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆಯು ತನ್ನ ಅನುವಾದ ಸಾಧನದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ತರಿಸಿತು. ಹಾಗೆ ಬಂದವು ಚುಟುಕುಗಳಲ್ಲ, ಮಾರುದ್ದದ ಪುಟಗಳು. ನನಗಂತೂ ಅವುಗಳಲ್ಲಿ ಹಲವನ್ನು ಎರಡನೆಯ ಪ್ಯಾರಾದ ಆಚೆ ಓದಲಾಗಲಿಲ್ಲ, ಏಕೆಂದರೆ ಪದಗಳು ಕನ್ನಡದವಾಗಿದ್ದರೂ ವಾಕ್ಯ ಇಂಗ್ಲಿಷಿನದಾಗಿತ್ತು. ಇದಕ್ಕಿಂತ, 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟದ್ದು ಹೆಚ್ಚು ಉಪಕಾರದ ಕೆಲಸವೆಂದು ನನ್ನ ಎಣಿಕೆ. ಅಲ್ಲಿನ ಬರಹ ಹಳೆಯದಿದ್ದರೂ ಮೂಲದಲ್ಲೇ ಕನ್ನಡದ್ದು. ಅದರ ಅಂಕಿಗಳನ್ನು ತಿದ್ದಿ, ಹೊಸ ಆಧಾರಗಳನ್ನು ಸೇರಿಸಿದರೆ ಓದಬಲ್ಲ ಲೇಖನ ಕೈಗೆ ಬರುತ್ತದೆ.

ಪ್ರಶ್ನೆ: ನನ್ನ ವಿದ್ಯಾರ್ಥಿಗಳು ತಮ್ಮ ಪ್ರಯೋಗಪುಟಗಳಲ್ಲಿ ಬರೆದದ್ದು ಲೇಖನಗಳ ಲೆಕ್ಕಕ್ಕೆ ಸೇರುತ್ತದೆಯೇ?
– ಉಪನ್ಯಾಸಕಿಯೊಬ್ಬರು, ಉಡುಪಿ

ಉತ್ತರ: ಇಲ್ಲ. ಬರೆದು ಅಭ್ಯಾಸ ಮಾಡಲು ಇರುವ ಪ್ರಯೋಗಪುಟವು ‘ಸದಸ್ಯ’ ಎಂಬ ಖಾನೆಯಲ್ಲಿರುತ್ತದೆ. ಬರಹ ಸಿದ್ಧವಾದ ಮೇಲೆ ಅದನ್ನು ವಿಷಯದ ಹೆಸರಿಗೆ ಸ್ಥಳಾಂತರಿಸಬೇಕು. ಅದಕ್ಕೆ ಮುನ್ನ ಒಂದು ಪದದ ಅರ್ಥವನ್ನಷ್ಟೇ ಹೇಳುವ ಪುಟಗಳನ್ನು ವಿಕಿಪೀಡಿಯದ ಸೋದರ ನಿಘಂಟಾದ ವಿಕ್ಷನರಿಗೂ, ವಚನಗಳ ಪೂರ್ಣಪಾಠವನ್ನೇ ಇಳಿಸಿಕೊಂಡ ಪುಟಗಳನ್ನು ಮೂಲ ಕೃತಿಗಳ ಸೋದರ ಭಂಡಾರವಾದ ವಿಕಿಸೋರ್ಸಿಗೂ ಬೇರ್ಪಡಿಸಿಬಿಡಿ. ತುಳುವಿನಲ್ಲಿ ಬರೆದ ವಿದ್ಯಾರ್ಥಿಗಳಿದ್ದರೆ ಅವರಿಗೆ 2016ರಿಂದ ಪ್ರತ್ಯೇಕ ತುಳು ವಿಕಿಪೀಡಿಯವೇ ಇದೆ. ಸ್ಥಳಾಂತರಿಸುವಾಗ ಶೀರ್ಷಿಕೆಯ ಮುಂದೆ ‘ಸದಸ್ಯ’ ಎಂಬ ಪದ ಉಳಿದುಕೊಂಡಿಲ್ಲವೆಂದು ನೋಡಿಕೊಳ್ಳಲು ಹೇಳಿ.