ನಾನು ಕತ್ತರಿಸಿದ ಒಂದು ಪ್ಯಾರಾ

ಸಾಗರದ ಓದುಗರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ನಾರ್ವೆಯ ಉತ್ತರ ತುದಿಯ ಫಿನ್‌ಮಾರ್ಕ್‌ಗೆ ಹಕ್ಕಿ ಬೇಟೆಗೂ ಮೀನು ಹಿಡಿಯುವುದಕ್ಕೂ ಹೋಗಿಬಂದ ಕನ್ನಡಿಗರೊಬ್ಬರ ಲೇಖನವನ್ನು ಕಳೆದ ಸಂಚಿಕೆಯಲ್ಲಿ ಹಾಕಿದ್ದೆವು. ಅದು ಅವರನ್ನು ಕೆರಳಿಸಿದೆ. ಅವರ ಆಕ್ಷೇಪ ಮೂರು: "ಕೆರೆಯ ಹಕ್ಕಿಗಳನ್ನು ಉಳಿಸಿ ಎಂದು ವರ್ಷವಿಡೀ ಬರೆಯುವ ನೀವು, ಹಕ್ಕಿ ಕೊಂದವರ ಕಥೆಯನ್ನು ಬಣ್ಣದ ಚಿತ್ರದೊಂದಿಗೆ ಹಾಕಿದ್ದು ಯಾವ ನ್ಯಾಯ? ನಮ್ಮಲ್ಲಿ ಬಡವ ಬಲೆ ಹಾಕಿದರೆ ಜೈಲು, ಅಲ್ಲಿ ಉಳ್ಳವರು ಗುಂಡು ಹಾರಿಸಿದರೆ ಪ್ರವಾಸ ಕಥನವೇ? ಅಲ್ಲದೆ ಚಿತ್ರದಲ್ಲಿರುವ ಹಕ್ಕಿ ಲೇಖನದ ಹಕ್ಕಿಯೇ ಅಲ್ಲ."

ಮೂರನೆಯದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ಚಿತ್ರ ತಪ್ಪಾಗಿದೆ. ಲೇಖಕರು ಬರೆದದ್ದು ನಾರ್ವೆಯವರು 'ರೀಪೆ' ಎಂದೂ ಇಂಗ್ಲಿಷಿನವರು 'ಟಾರ್ಮಿಗನ್' ಎಂದೂ ಕರೆಯುವ ಹಕ್ಕಿಯ ಬಗ್ಗೆ. ನಮ್ಮ ಮೇಜಿನಲ್ಲಿ ಅದು 'ಹಿಮಕೋಳಿ' ಆಯಿತು, ಹಿಮಕೋಳಿ ಎಂದು ಹುಡುಕಿದವರಿಗೆ ಹಿಮಾಲಯದ ಬೇರೊಂದು ಹಕ್ಕಿ ಸಿಕ್ಕಿತು, ಅದೇ ಅಚ್ಚಾಯಿತು. ಕೊನೆಯ ಪ್ರೂಫ್ ನೋಡಿ ಸಹಿ ಹಾಕಿದವನು ನಾನು.

ಇನ್ನೊಂದು ತಪ್ಪು ನಿಮಗೆ ಕಾಣಿಸದೇ ಹೋದದ್ದು, ಏಕೆಂದರೆ ಅದು ಅಚ್ಚಾಗಲೇ ಇಲ್ಲ. ಪುಟ ಸಾಲದೆ ಲೇಖನದಿಂದ ಒಂದು ದೊಡ್ಡ ಪ್ಯಾರಾ ತೆಗೆದೆ. ಗುಂಡು ಹಾರಿದ್ದು, ಹಕ್ಕಿ ಬಿದ್ದದ್ದು, ಸಂಜೆ ಬರ್ಚ್ ಸೌದೆಯ ಬೆಂಕಿಯಲ್ಲಿ ಕಿತ್ತಳೆ ಹೊಟ್ಟೆಯ ಚಾರ್ ಮೀನು ಸುಟ್ಟದ್ದು ಉಳಿದವು. ನಡುವಿನದು ಹೋಯಿತು. ನಿಮ್ಮ ಪತ್ರ ಓದಿದ ಮೇಲೆ ಮೂಲ ಪ್ರತಿ ತೆಗೆದು ನೋಡಿದೆ. ಹೋದದ್ದೇ ಲೇಖನದ ಜೀವ.

ಅದರಲ್ಲಿದ್ದದ್ದು ಇಷ್ಟು. ನಮ್ಮ ಲೇಖಕರು ಮೂರು ದಿನ ನಡೆದು ಎರಡು ಹಕ್ಕಿ ಹೊಡೆದರು. ಕರೆದುಕೊಂಡು ಹೋದ ಸ್ಥಳೀಯ ಗೆಳೆಯ ಮೊದಲ ಹಕ್ಕಿಯನ್ನು ಚೀಲಕ್ಕೆ ಹಾಕಲು ಬಿಡಲಿಲ್ಲ. ಅಂಗೈ ಮೇಲೆ ಮಲಗಿಸಿ, ಕಾಲು ಮುಟ್ಟಿ ನೋಡು ಎಂದ. ಬೆರಳ ತುದಿಯವರೆಗೂ ಗರಿ. ಈ ಕುಲಕ್ಕೆ ವಿಜ್ಞಾನಿಗಳು ಇಟ್ಟ 'ಲಾಗೋಪಸ್' ಎಂಬ ಹೆಸರಿಗೆ ಗ್ರೀಕಿನಲ್ಲಿ ಮೊಲದ ಪಾದ ಎಂದೇ ಅರ್ಥ. ಹಿಮದ ಮೇಲೆ ಹೂತುಹೋಗದೆ ಓಡಾಡಲು ಹುಟ್ಟಿನಿಂದಲೇ ತೊಟ್ಟ ಪಾದರಕ್ಷೆ ಅದು. ಸೆಪ್ಟೆಂಬರ್ ತಿಂಗಳಾದ್ದರಿಂದ ಮೈ ಇನ್ನೂ ಕಂದು, ರೆಕ್ಕೆ ಬಿಳಿ. ಚಳಿಗಾಲ ಬಂದಂತೆ ಬಾಲದ ಕಪ್ಪು ಬಿಟ್ಟು ಉಳಿದದ್ದೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಗೆಳೆಯ ಚಾಕುವಿನಿಂದ ಕೊರಳಿನ ಬುಡದ ಆಹಾರದ ಚೀಲವನ್ನು ಸೀಳಿದ. ಒಳಗೆ ನೀಲಿ ಕಾಡುಹಣ್ಣು, ವಿಲೋ ಗಿಡದ ಎಲೆಯ ಚೂರು, ಹುಲ್ಲುಬೀಜ, ಇನ್ನೂ ಬೆಚ್ಚಗಿದ್ದವು. "ಬೆಳಿಗ್ಗೆ ಇದು ಎಲ್ಲಿ ಮೇಯಿತು ಎಂಬುದು ನಿನಗೆ ಈಗ ಗೊತ್ತು" ಎಂದು ಗೆಳೆಯ ಹೇಳಿದನಂತೆ. ನಮ್ಮವರಿಗೆ ಮಾತು ಹೊರಡಲಿಲ್ಲ. ಮರುದಿನ ನಾಯಿ ಒಂದು ಕಾಲೆತ್ತಿ, ಬಾಲ ನೆಟ್ಟಗೆ ಮಾಡಿ ಕಲ್ಲಿನಂತೆ ನಿಂತಾಗ, ಹಕ್ಕಿ ಗೊಳ್ಳೆಂದು ನಕ್ಕ ಹಾಗೆ ಕೂಗುತ್ತ ಎದ್ದಾಗ, ಕೋವಿ ಎತ್ತುವುದಕ್ಕೆ ಒಂದು ಗಳಿಗೆ ತಡವಾಯಿತು ಎಂದು ಬರೆದಿದ್ದಾರೆ. ಬೇಕೆಂದೇ ತಡಮಾಡಿದಿರಾ ಎಂದು ಫೋನಿನಲ್ಲಿ ಕೇಳಿದೆ. ಉತ್ತರ ಬರಲಿಲ್ಲ.

ಇನ್ನು ನ್ಯಾಯದ ಪ್ರಶ್ನೆ. ಫಿನ್‌ಮಾರ್ಕ್ ಕರ್ನಾಟಕದ ಕಾಲು ಭಾಗದಷ್ಟು ವಿಸ್ತಾರವಾದ ನಾಡು, ಜನ ಒಂದು ಲಕ್ಷವೂ ಇಲ್ಲ. ಹಾಗೆಂದು ಕೋವಿ ಹಿಡಿದವರೆಲ್ಲ ನುಗ್ಗುವಂತಿಲ್ಲ. ಬೇಟೆಗಾರರ ಪರೀಕ್ಷೆ ಪಾಸಾಗಬೇಕು, ವರ್ಷವರ್ಷ ಸರ್ಕಾರಕ್ಕೆ ಶುಲ್ಕ ಕಟ್ಟಬೇಕು, ಆ ನೆಲದ ಪರವಾನಗಿ ಬೇರೆ. ರೀಪೆಯ ಬೇಟೆ ಶುರುವಾಗುವುದು ಸೆಪ್ಟೆಂಬರ್ 10ಕ್ಕೆ. ನನಗೆ ಮುಖ್ಯವೆನಿಸಿದ್ದು ಅದಕ್ಕೂ ಒಂದು ತಿಂಗಳ ಹಿಂದಿನ ಕೆಲಸ. ಆಗಸ್ಟ್‌ನಲ್ಲಿ ಸ್ವಯಂಸೇವಕರು ಇದೇ ಬೇಟೆನಾಯಿಗಳನ್ನು ಕರೆದುಕೊಂಡು, ಕೋವಿಯಿಲ್ಲದೆ, ಮೊದಲೇ ಗೊತ್ತುಮಾಡಿದ ಗೆರೆಗಳ ಗುಂಟ ನಡೆಯುತ್ತಾರೆ. ಎಷ್ಟು ಹಕ್ಕಿ ಎದ್ದವು, ಅವುಗಳಲ್ಲಿ ಮರಿ ಎಷ್ಟು, ಗೆರೆಯಿಂದ ಎಷ್ಟು ದೂರದಲ್ಲಿ ಎದ್ದವು, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ದಿನಕ್ಕೆ ಒಬ್ಬರು ಎಷ್ಟು ಹೊಡೆಯಬಹುದು ಎಂಬ ಮಿತಿಗೆ ಆ ಲೆಕ್ಕವೇ ಆಧಾರ. ಋತು ಮುಗಿದ ಮೇಲೆ ಹೊಡೆದದ್ದೆಷ್ಟು ಎಂಬ ವರದಿಯನ್ನೂ ಕೊಡಬೇಕು. ಏನೂ ಹೊಡೆಯದವನು ಸೊನ್ನೆ ಎಂದು ಬರೆದುಕೊಡಬೇಕು.

ಈ ಲೆಕ್ಕ ವರ್ಷಕ್ಕೊಂದು ರೀತಿ ಏರಿಳಿಯುತ್ತದೆ, ಅದಕ್ಕೆ ಕಾರಣ ಇಲಿ ಎಂದರೆ ನಗಬೇಡಿ. ಅಲ್ಲಿನ ಲೆಮ್ಮಿಂಗ್ ಮತ್ತಿತರ ಇಲಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಹುಲುಸಾಗಿ ಹೆಚ್ಚುತ್ತವೆ. ಆಗ ನರಿಗೂ ಬೇಟೆಯಾಡಿ ತಿನ್ನುವ ಹಕ್ಕಿಗಳಿಗೂ ಹೊಟ್ಟೆತುಂಬ ಊಟ, ರೀಪೆಯ ಮೊಟ್ಟೆ ಬಚಾವು. ಇಲಿ ಕುಸಿದ ವರ್ಷ ಗೂಡಿಗೆ ಕುತ್ತು.

ಮೀನಿನ ವಿಷಯಕ್ಕೆ ಬಂದರೆ, ಕಥೆ ಅಷ್ಟು ಚೆನ್ನಾಗಿಲ್ಲ. ನಾರ್ವೆ ಮತ್ತು ಫಿನ್ಲೆಂಡಿನ ಗಡಿಯಾಗಿ ಹರಿಯುವ ತಾನಾ ನದಿಯನ್ನು ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ದೆಯತ್ನು, ಅಂದರೆ ಹೆಬ್ಬೊಳೆ, ಎನ್ನುತ್ತಾರೆ. 1928ರಲ್ಲಿ ಅಲ್ಲಿ ಗಾಳಕ್ಕೆ ಬಿದ್ದ ಒಂದು ಸಾಲ್ಮನ್ ಸುಮಾರು 36 ಕಿಲೋ ತೂಗಿತ್ತು. ಅಂಥ ನದಿಯಲ್ಲಿ 2021ರಲ್ಲಿ ಎರಡೂ ದಡದವರಿಗೆ ಸಾಲ್ಮನ್ ಹಿಡಿಯುವುದನ್ನು ನಿಲ್ಲಿಸಿದರು, ಏಕೆಂದರೆ ಕಡಲಿಗೆ ಹೋದ ಮೀನು ಮೊಟ್ಟೆಯಿಡಲು ಸಾಕಷ್ಟು ಸಂಖ್ಯೆಯಲ್ಲಿ ಮರಳುತ್ತಿರಲಿಲ್ಲ. ಹೊರಗಿನಿಂದ ಬರುವ ಹವ್ಯಾಸಿಗೆ ಒಂದು ರಜೆ ಹೋಯಿತು, ಅಷ್ಟೆ. ತಲೆಮಾರುಗಳಿಂದ ಬಲೆ ಕಟ್ಟಿಕೊಂಡು ಬಂದ ಸಾಮಿ ಕುಟುಂಬಕ್ಕೆ ಹೋದದ್ದು ಊಟ, ಜೊತೆಗೆ ಮಕ್ಕಳಿಗೆ ಬಲೆ ಕಟ್ಟುವುದನ್ನು ಕಲಿಸುವ ಬೇಸಿಗೆ. ನಮ್ಮ ಲೇಖಕರು ನದಿಯ ಗೊಡವೆಗೆ ಹೋಗದೆ ಬೆಟ್ಟದ ಸರೋವರದಲ್ಲಿ ಚಾರ್ ಹಿಡಿದದ್ದು ಇದೇ ಕಾರಣಕ್ಕೆ. ಇದನ್ನೂ ನಾನೇ ಕತ್ತರಿಸಿದ್ದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ, ಬಡವನ ಬಲೆಯದು. ಪತ್ರದಲ್ಲಿ ನನ್ನನ್ನು ನಿಜವಾಗಿ ಚುಚ್ಚಿದ್ದು ಇದೇ. ಬಲೆ ಬೀಸಿ ಬದುಕುತ್ತಿದ್ದ ನಮ್ಮ ಹಕ್ಕಿಪಿಕ್ಕಿ ಜನರ ಹೆಸರಿನಲ್ಲೇ ಹಕ್ಕಿ ಇದೆ. 1972ರ ವನ್ಯಜೀವಿ ಕಾಯ್ದೆ ಬಂತು, 1991ರ ತಿದ್ದುಪಡಿಯ ನಂತರ ಶಿಕಾರಿಯ ಪರವಾನಗಿ ಎಂಬುದೇ ಉಳಿಯಲಿಲ್ಲ. ಕಾಯ್ದೆ ಸರಿ ಎಂದೇ ನನ್ನ ಅಭಿಪ್ರಾಯ. ನಮ್ಮ ಜನಸಂಖ್ಯೆಗೆ, ಉಳಿದಿರುವ ಕಾಡಿಗೆ, ಎಣಿಸಿ ಹೊಡೆಯುವ ವ್ಯವಸ್ಥೆ ಒಗ್ಗುವುದಿಲ್ಲ. ಪರವಾನಗಿ ಕೊಡುವ ಮೇಜಿನಲ್ಲೇ ಅದು ಕೆಡುತ್ತದೆ. ಆದರೆ ಹಕ್ಕಿಯ ಮೇವು, ದಾರಿ, ಗೂಡು, ಕೂಗು ಎಲ್ಲವನ್ನೂ ಬಲ್ಲವರ ಕೈಯಿಂದ ಬಲೆ ಕಸಿದುಕೊಂಡ ನಾವು, ಬನ್ನಿ, ಎಣಿಸಿಕೊಡಿ ಎಂದು ಅವರನ್ನು ಕರೆದದ್ದು ಎಷ್ಟು ಸಲ? ಹುಣಸೂರು ತಾಲ್ಲೂಕಿನಲ್ಲಿ ಅವರ ವಸತಿಗೆ ಪಕ್ಷಿರಾಜಪುರ ಎಂಬ ಹೆಸರಿದೆ. ಅಲ್ಲಿಂದ ಕೂದಲೆಣ್ಣೆ ಮಾರಲು ಆಫ್ರಿಕಾದವರೆಗೂ ಹೋಗುತ್ತಾರೆ. ಫಿನ್‌ಮಾರ್ಕ್‌ನಲ್ಲಿ 2005ರ ಕಾಯ್ದೆಯ ನಂತರ ನೂರಕ್ಕೆ 95ರಷ್ಟು ನೆಲವನ್ನು ನೋಡಿಕೊಳ್ಳುವ ಮಂಡಳಿಯ ಅರ್ಧ ಸದಸ್ಯರನ್ನು ಸಾಮಿ ಸಂಸತ್ತು ನೇಮಿಸುತ್ತದೆ. ಅದರಿಂದ ಅಲ್ಲಿ ಎಲ್ಲ ಸರಿಯಾಗಿದೆ ಎಂದಲ್ಲ, ಸಾಮಿ ಜನರ ಜಗಳಗಳು ಮುಗಿದಿಲ್ಲ. ಆದರೆ ಜಗಳವಾಡಲು ಮೇಜಿನ ಬಳಿ ಅವರಿಗೊಂದು ಕುರ್ಚಿಯಿದೆ.

ದೂರದ ಆ ನಾಡಿಗೂ ನಮಗೂ ಏನು ಸಂಬಂಧ ಎಂದೂ ನೀವು ಕೇಳಿದ್ದೀರಿ. ರೀಪೆ ಎಲ್ಲಿಗೂ ಹೋಗುವುದಿಲ್ಲ, ಹಿಮದಲ್ಲೇ ಬಿಲ ತೋಡಿ ಮಲಗುತ್ತದೆ. ಆದರೆ ಅದೇ ವಿಲೋ ಪೊದೆಗಳಲ್ಲಿ ಗೂಡು ಕಟ್ಟುವ ಅಂಗೈಯಗಲದ ನೀಲಿಕೊರಳ ಹಕ್ಕಿ ಬೇರೆ ಜಾತಕದ್ದು. ಸ್ಕ್ಯಾಂಡಿನೇವಿಯಾದ ನೀಲಿಕೊರಳಗಳ ಬೆನ್ನಿಗೆ ಬೆಳಕು ಅಳೆಯುವ ಪುಟ್ಟ ಉಪಕರಣ ಕಟ್ಟಿ ನೋಡಿದಾಗ, ಅವು ಚಳಿಗಾಲಕ್ಕೆ ಭಾರತ ಉಪಖಂಡದ ಕಡೆಗೆ ಬರುವುದು ತಿಳಿದಿದೆ. ನಮ್ಮ ಕೆರೆಯಂಚಿನ ಜೊಂಡಿನಲ್ಲಿ ಚಳಿಗಾಲಕ್ಕೆ ಬಂದಿಳಿಯುವುದು ಇದೇ ಜಾತಿಯ ಹಕ್ಕಿ. ನಾವು ಜೊಂಡು ಕಿತ್ತು, ಕೆರೆಯ ಸುತ್ತ ಕಲ್ಲು ಕಟ್ಟಿ, ನಡಿಗೆಯ ಹಾದಿ ಮಾಡಿ, ಬಣ್ಣದ ದೀಪ ಹಾಕುತ್ತೇವೆ. ಅದಕ್ಕೆ ಪರವಾನಗಿಯೂ ಬೇಡ, ಎಣಿಕೆಯೂ ಬೇಡ. ಅಂಥ ಕೆರೆಗಳ ಉದ್ಘಾಟನೆಯ ಸುದ್ದಿಯನ್ನು ಚಿತ್ರಸಮೇತ ಹಾಕಿದಾಗ ಒಂದು ಆಕ್ಷೇಪದ ಪತ್ರವೂ ನನಗೆ ಬಂದಿರಲಿಲ್ಲ.

ನಿಮ್ಮ ಪತ್ರದ ಕೊನೆಯ ಸಾಲು, ಆ ಮಹಾಶಯರು ಮತ್ತೆ ಹೋಗುತ್ತಾರೆಯೇ ಎಂಬುದು. ಕೇಳಿ ತಿಳಿದುಕೊಂಡೆ. ಬರುವ ಆಗಸ್ಟ್‌ನಲ್ಲಿ ಗೆಳೆಯನ ನಾಯಿಯ ಜೊತೆ ಎಣಿಕೆಗೆ ಹೋಗಲು ಹೆಸರು ಕೊಟ್ಟಿದ್ದಾರೆ. ಸೆಪ್ಟೆಂಬರ್‌ನ ಮಾತನ್ನು ಆಮೇಲೆ ನೋಡೋಣ ಎಂದರು. ಎಣಿಕೆಯ ಬಗ್ಗೆ ಬರೆದುಕೊಟ್ಟರೆ ಪೂರ್ತಿ ಹಾಕುತ್ತೇನೆ, ಚಿತ್ರವನ್ನು ಮೊದಲು ನಿಮಗೇ ಕಳಿಸುತ್ತೇನೆ.

— ಸಂಪಾದಕ